ಕನ್ನಡಿಯ ಹಿಂದೆ ಬಣ್ಣದ ಬೆಳಕು

ನನಗೆ ಬೇಕಿದ್ದದ್ದು 60 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಎತ್ತರದ ಗೋಡೆ ಕನ್ನಡಿ. ಸುತ್ತ ಮರದ ಚೌಕಟ್ಟು ಇರಬೇಕು. ಹಿಂದಿನಿಂದ ಗೋಡೆಯ ಮೇಲೆ ಬೆಳಕು ಹರಡಬೇಕು, ಅದರ ಬಣ್ಣ ನಿಧಾನವಾಗಿ ಬದಲಾಗುತ್ತಿರಬೇಕು. ಆದರೆ ಆ ಬಣ್ಣದ ಬೆಳಕು ಎಲ್ಲಿಂದ ಬರುತ್ತಿದೆ ಅನ್ನುವುದು ಎಲ್ಲಿ ನಿಂತು ನೋಡಿದರೂ ಗೊತ್ತಾಗಬಾರದು. ದೀಪದ ಚುಕ್ಕೆ ಕಾಣಬಾರದು, ವೈರ್ ಕಾಣಬಾರದು. ಈ ಒಂದು ಹಟದಿಂದಲೇ ಮುಂದಿನ ಎಲ್ಲ ತೀರ್ಮಾನಗಳೂ ಹುಟ್ಟಿದವು.

ಕನ್ನಡಿಯ ಜೊತೆ ಈ ಹಟ ಸಾಧಿಸುವುದು ಕಷ್ಟ. ಅದರ ಹತ್ತಿರ ಏನಿಟ್ಟರೂ ಎರಡಾಗಿ ಕಾಣುತ್ತದೆ. ಅಂಟಿನ ಒಂದು ಹನಿ, ಮರದ ಒಂದು ಗೀರು, ಒಂದು ಸ್ಕ್ರೂ ತಲೆ, ಎಲ್ಲವೂ ಎರಡೆರಡು. ಹಾಗಾಗಿ ಸಾಮಾನು ತರುವುದಕ್ಕೆ ಮೊದಲು ಒಂದು ಹಳೆಯ ಸಣ್ಣ ಕನ್ನಡಿಯನ್ನು ಗೋಡೆಗೆ ಒರಗಿಸಿಕೊಂಡೆ. ಒಂದು ತುಂಡು ಎಲ್‌ಇಡಿ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಎಲ್ಲೆಲ್ಲಿ ಇಟ್ಟರೆ ಹೇಗೆ ಕಾಣುತ್ತದೆ ಎಂದು ನೋಡುತ್ತಾ ಕೂತೆ.

ಕನ್ನಡಿಯ ಮುಂದೆ, ಚೌಕಟ್ಟಿನ ಒಳಗಂಚಿಗೆ ಪಟ್ಟಿ ಇಟ್ಟರೆ ಚುಕ್ಕೆಗಳ ಸಾಲು ಒಂದಲ್ಲ, ಎರಡು ಕಂಡಿತು. ಕಣ್ಣಿಗೆ ಚುಚ್ಚುತ್ತಿತ್ತು. ಹಿಂದೆ ಇಟ್ಟು ಗೋಡೆಯ ಕಡೆ ತಿರುಗಿಸಿದ ಕೂಡಲೇ ಎಲ್ಲ ಬದಲಾಯಿತು. ದೀಪ ಮರೆಯಾಯಿತು, ಗೋಡೆಯೇ ಬೆಳಗಿತು.

ಇನ್ನೊಂದು ವಿಷಯವೂ ಆಗಲೇ ಕಣ್ಣಿಗೆ ಬಿತ್ತು. ಕೆಂಪು, ಹಸಿರು, ನೀಲಿ ಮೂರನ್ನೂ ಸೇರಿಸಿ ಬಿಳಿ ಮಾಡಿಕೊಂಡು ಕೈ ಹಿಡಿದು ನೋಡಿದರೆ ಚರ್ಮದ ಬಣ್ಣ ಸರಿಯಾಗಿ ಕಾಣುವುದಿಲ್ಲ. ಯಾಕೆಂದರೆ ಆ ಬಿಳಿಯಲ್ಲಿರುವುದು ಬೆಳಕಿನ ಮೂರು ಕಿರಿದಾದ ಪಟ್ಟೆಗಳು ಮಾತ್ರ. ನಡುವಿನ ಬಣ್ಣಗಳು ತೀರಾ ಕಡಿಮೆ. ಗೋಡೆ ಅಲಂಕಾರಕ್ಕೆ ಅದು ಸಾಕು, ಮುಖ ನೋಡಿಕೊಳ್ಳುವುದಕ್ಕೆ ಸಾಲದು. ಕನ್ನಡಿ ಎಷ್ಟೇ ಚಂದ ಇರಲಿ, ಅದರಲ್ಲಿ ನಮ್ಮ ಮುಖ ಬಾಡಿದ ಹಾಗೆ ಕಂಡರೆ ಏನು ಪ್ರಯೋಜನ, ಅಲ್ವಾ? ಅದಕ್ಕೇ ಎರಡು ಬೇರೆ ಬೆಳಕು ಎಂದು ನಿರ್ಧರಿಸಿದೆ. ಹಿಂದೆ ಬಣ್ಣದ್ದು. ಮುಂದೆ, ಚೌಕಟ್ಟಿನ ಎಡಬಲ ಕಂಬಗಳಲ್ಲಿ, ಮುಖಕ್ಕೆಂದೇ ಬಿಳಿ ಪಟ್ಟಿ. ಬಿಳಿಯದ್ದು 4000 ಕೆಲ್ವಿನ್, ಅಂದರೆ ತೀರಾ ಹಳದಿಯೂ ಅಲ್ಲದ ತೀರಾ ನೀಲಿಯೂ ಅಲ್ಲದ ಬಿಳಿ; ಬಣ್ಣ ತೋರಿಸುವ ಸೂಚ್ಯಂಕ, ಅಂದರೆ ಸಿಆರ್‌ಐ, 90ಕ್ಕಿಂತ ಜಾಸ್ತಿ ಇರುವುದು. ಮೇಲಿನಿಂದ ಬೆಳಕು ಬಿದ್ದರೆ ಕಣ್ಣಿನ ಕೆಳಗೆ, ಮೂಗಿನ ಕೆಳಗೆ ನೆರಳು ಬೀಳುತ್ತದೆ. ಎರಡೂ ಪಕ್ಕದಿಂದ ಬಂದರೆ ನೆರಳು ಒಂದನ್ನೊಂದು ಅಳಿಸಿ ಹಾಕುತ್ತವೆ.

ಈಗ ಗಾಜಿನ ವಿಷಯ. ತೆಳು ಕನ್ನಡಿ ಹಗುರ, ಆದರೆ ಸ್ವಲ್ಪ ಒತ್ತಿದರೂ ಬಾಗುತ್ತದೆ. ಬಾಗಿದ ಕಡೆ ಮುಖ ಎಳೆದ ಹಾಗೆ ಕಾಣುತ್ತದೆ. 5 ಮಿಲಿಮೀಟರ್ ದಪ್ಪದ್ದು ಆರಿಸಿದೆ. ಗಾಜಿನ ತೂಕದ ಲೆಕ್ಕ ಸುಲಭ: ಒಂದು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ. ನನ್ನದು 0.54 ಚದರ ಮೀಟರ್. ಅಂದರೆ ಗಾಜೊಂದೇ 6.75 ಕಿಲೋ. ಗೋಡೆಗೆ ಎಂಥ ಆಧಾರ ಬೇಕು ಅನ್ನುವುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಅಂಚುಗಳನ್ನು ಉಜ್ಜಿಸಿ ನಯ ಮಾಡಿಸಿಕೊಂಡೆ. ಕೈ ಕುಯ್ಯದಿರಲಿ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಗಾಜಿನ ಬಾಳಿಕೆ. ಅಂಚಿನಲ್ಲಿರುವ ಸಣ್ಣ ಸಣ್ಣ ಚಕ್ಕೆಗಳಿಂದಲೇ ಬಿರುಕು ಶುರುವಾಗುವುದು. ಹಿಂಬದಿಗೆ ಒಡೆದರೂ ಚೂರು ಉದುರದಂತೆ ಹಿಡಿಯುವ ಪ್ಲಾಸ್ಟಿಕ್ ಹಾಳೆ ಅಂಟಿಸಿದೆ. ಮಕ್ಕಳು ಓಡಾಡುವ ಮನೆಯಲ್ಲಿ ಅದು ಇರಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಕನ್ನಡಿಯ ಬೆನ್ನು ತುಂಬಾ ಸೂಕ್ಷ್ಮ. ಗಾಜಿನ ಹಿಂದೆ ಬೆಳ್ಳಿಯ ತೀರಾ ತೆಳ್ಳನೆಯ ಪದರ, ಅದರ ಮೇಲೆ ಕಾಪಾಡುವ ಬಣ್ಣ. ಗಾಜಿನ ಮೇಲೆ ರಾಸಾಯನಿಕವಾಗಿ ಬೆಳ್ಳಿ ಕೂರಿಸುವ ವಿಧಾನವನ್ನು ಜರ್ಮನಿಯ ರಸಾಯನ ವಿಜ್ಞಾನಿ ಯೂಸ್ಟುಸ್ ಫೋನ್ ಲೀಬಿಗ್ ಕಂಡುಕೊಂಡದ್ದು 1835ರಲ್ಲಿ. ಅದಕ್ಕೂ ಮೊದಲು ತವರ ಮತ್ತು ಪಾದರಸ ಬೆರೆಸಿ ಕನ್ನಡಿ ಮಾಡುತ್ತಿದ್ದರು. ಕೆಲಸ ಮಾಡುವವರ ಆರೋಗ್ಯವನ್ನೇ ಅದು ತಿನ್ನುತ್ತಿತ್ತು. ಇಂದಿನ ಕನ್ನಡಿಯ ಶತ್ರು ತೇವ ಮತ್ತು ಆಮ್ಲ. ವಿನೆಗರ್ ವಾಸನೆ ಬರುವ ಸಾಮಾನ್ಯ ಸಿಲಿಕೋನ್ ಅಂಟು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಅದು ಬೆಳ್ಳಿಯನ್ನು ತಿಂದು ಕಪ್ಪು ಕಲೆ ಮಾಡುತ್ತದೆ. ಕನ್ನಡಿಗೆ ನ್ಯೂಟ್ರಲ್ ಎಂದು ಬರೆದಿರುವ ಸಿಲಿಕೋನ್ ಮಾತ್ರ ಬಳಸಬೇಕು. ನಾನು ಟ್ಯೂಬಿನ ಮೇಲಿನ ಬರಹ ಓದಿ, ಒಂದು ಚೂರು ಹೊರಗೆ ಹಾಕಿ ಮೂಸಿಯೂ ನೋಡಿದೆ.

ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಚೌಕಟ್ಟು. ಚೆನ್ನಾಗಿ ಒಣಗಿದ, ಎಳೆ ನೇರವಿರುವ ಮರ ಆರಿಸಿದೆ. 7 ಸೆಂಟಿಮೀಟರ್ ಅಗಲದ ನಾಲ್ಕು ಪಟ್ಟಿ. ಒಳಗಂಚಿನ ಹಿಂಬದಿಯಲ್ಲಿ ಕನ್ನಡಿ ಕೂರುವುದಕ್ಕೆ ಮೆಟ್ಟಿಲಿನಂಥ ಕಚ್ಚು ತೆಗೆದೆ. ಮೂಲೆಗಳನ್ನು 45 ಡಿಗ್ರಿಗೆ ಕೊಯ್ಯಬೇಕು. ಇಲ್ಲಿ ಕೋನದ ಬಗ್ಗೆ ಎಲ್ಲರೂ ಎಚ್ಚರ ವಹಿಸುತ್ತಾರೆ, ಉದ್ದದ ಬಗ್ಗೆ ಅಷ್ಟು ಯೋಚಿಸುವುದಿಲ್ಲ. ಎದುರುಬದುರಿನ ಎರಡು ಪಟ್ಟಿಗಳ ಉದ್ದದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸ ಇದ್ದರೂ, ಕೋನ ಎಷ್ಟೇ ಕರಾರುವಾಕ್ಕಾಗಿರಲಿ, ಕೊನೆಯ ಮೂಲೆ ಬಾಯಿ ಬಿಡುತ್ತದೆ. ಅದಕ್ಕೇ ಗರಗಸದ ಪಕ್ಕ ಒಂದು ಮರದ ತುಂಡನ್ನು ತಡೆಯಾಗಿ ಬಿಗಿದು, ಜೋಡಿ ಪಟ್ಟಿಗಳೆರಡನ್ನೂ ಅದೇ ತಡೆಗೆ ತಾಗಿಸಿ ಕೊಯ್ದೆ. ಅಳತೆ ಟೇಪಿಗೆ ಅಲ್ಲಿ ಕೆಲಸವೇ ಇಲ್ಲ.

ಅಂಟು ಹಾಕಿ ಬಿಗಿದ ಮೇಲೆ ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ನೋಡಿದೆ. ಎರಡೂ ಕರ್ಣಗಳು ಒಂದೇ ಬಂದರೆ ಚೌಕಟ್ಟು ಮಟ್ಟಸ. ಒಂದು ಜಾಸ್ತಿ ಬಂದರೆ ಅಂಟು ಹಸಿಯಿರುವಾಗಲೇ ಆ ಕರ್ಣದ ಎರಡು ತುದಿಗಳನ್ನು ಹಿಡಿದು ಮೆಲ್ಲಗೆ ಒತ್ತಿ ಸರಿಮಾಡಬಹುದು.

45 ಡಿಗ್ರಿ ಕೊಯ್ತದಲ್ಲಿ ಮರದ ಎಳೆಗಳ ತುದಿ ತೆರೆದಿರುತ್ತದೆ. ಆ ತುದಿಗಳು ಅಂಟನ್ನು ಹೀರಿಕೊಂಡು ಬಿಡುತ್ತವೆ, ಹಾಗಾಗಿ ಬರೀ ಅಂಟಿನ ಮೇಲೆ ಭಾರದ ಕನ್ನಡಿ ನಂಬಿ ಕೂರಿಸುವ ಹಾಗಿಲ್ಲ. ಅಂಟು ಒಣಗಿದ ಮೇಲೆ ಪ್ರತಿ ಮೂಲೆಯ ಹೊರಬದಿಯಲ್ಲಿ ಅಡ್ಡಲಾಗಿ ಒಂದು ಸೀಳು ಹಾಕಿ, ಅದರೊಳಗೆ ತೆಳು ಮರದ ಚಕ್ಕೆ ಅಂಟಿಸಿದೆ. ಚಕ್ಕೆಯ ಎಳೆಗಳು ಕೂಡುಗೆರೆಯನ್ನು ದಾಟಿ ಎರಡೂ ಪಟ್ಟಿಯನ್ನು ಹಿಡಿಯುತ್ತವೆ. ಬೇರೆ ಬಣ್ಣದ ಮರದ ಚಕ್ಕೆ ಹಾಕಿದ್ದರಿಂದ ಮೂಲೆಗೊಂದು ಚಂದದ ಗೆರೆಯೂ ಬಂತು.

ಮುಂದಿನ ಮಾತು ಚೌಕಟ್ಟು ಕಟ್ಟುವ ಗೆಳೆಯನೊಬ್ಬ ಹೇಳಿಕೊಟ್ಟದ್ದು. "ಕಚ್ಚಿನ ಒಳಮೈಗೆ ಕಪ್ಪು ಬಣ್ಣ ಹೊಡಿ, ಕನ್ನಡಿ ಅದನ್ನ ನೋಡತ್ತೆ" ಅಂದ. ಮುಂದಿನಿಂದ ಕಾಣದ ಜಾಗಕ್ಕೆ ಬಣ್ಣ ಯಾಕೆ ಅನ್ನಿಸಬಹುದು. ಬೆಳ್ಳಿ ಇರುವುದು ಗಾಜಿನ ಹಿಂದೆ. ಚೌಕಟ್ಟಿನ ತುಟಿ ತಾಗುವುದು ಗಾಜಿನ ಮುಂದೆ. ನಡುವೆ 5 ಮಿಲಿಮೀಟರ್ ಗಾಜು. ಓರೆಯಾಗಿ ನೋಡಿದರೆ ಆ ತುಟಿಯ ಬೆನ್ನು, ಬಣ್ಣವಿಲ್ಲದ ಹಸಿ ಮರ, ಕನ್ನಡಿಯೊಳಗೆ ಬಿಳಿಚಿದ ಗೆರೆಯಾಗಿ ಕಾಣುತ್ತದೆ. ಕಪ್ಪು ಹೊಡೆದ ಮೇಲೆ ಆ ಗೆರೆ ಹೋಗಿ, ಕನ್ನಡಿಯ ಅಂಚಿಗೆ ಒಂದು ಆಳ ಬಂದ ಹಾಗಾಯಿತು. ಇಡೀ ಕನ್ನಡಿಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ದೊಡ್ಡ ಬದಲಾವಣೆ ತಂದದ್ದು ಬೇರೆ ಯಾವುದೂ ಇಲ್ಲ.

ಕಚ್ಚಿನಲ್ಲಿ ಕನ್ನಡಿಯ ಸುತ್ತ 2–3 ಮಿಲಿಮೀಟರ್ ಜಾಗ ಬಿಟ್ಟೆ. ಮರ ಹವೆಯ ತೇವ ಹೀರಿ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಗಾಜು ಹಾಗೆ ಮಾಡುವುದಿಲ್ಲ. ಇಬ್ಬರ ನಡುವೆ ಜಾಗ ಇಲ್ಲದಿದ್ದರೆ ಒಡೆಯುವುದು ಗಾಜೇ. ಕೆಳಗಂಚಿನಲ್ಲಿ ಮೆತ್ತನೆಯ ರಬ್ಬರಿನ ಎರಡು ತುಂಡು ಇಟ್ಟು ಅದರ ಮೇಲೆ ಕನ್ನಡಿ ಕೂರಿಸಿದೆ. ಪಾಲಿಷನ್ನು ಮುಂದೆ ಎಷ್ಟು ಕೈ ಹೊಡೆದೆನೋ ಹಿಂದೆಯೂ ಅಷ್ಟೇ ಕೈ ಹೊಡೆದೆ. ಒಂದೇ ಕಡೆ ಮುಚ್ಚಿದರೆ ಮರ ಒಂದು ಕಡೆಯಿಂದಲೇ ತೇವ ಎಳೆದು ಸೊಟ್ಟಗಾಗುತ್ತದೆ.

ಬೆಳಕಿನ ಪಟ್ಟಿಯಲ್ಲಿ ಎರಡು ಬಗೆ ಇದೆ. ನಾಲ್ಕು ವೈರಿನ ಸಾಮಾನ್ಯ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಪಟ್ಟಿಯಲ್ಲಿ ಇಡೀ ಪಟ್ಟಿ ಒಂದೇ ಬಣ್ಣ ತೋರಿಸುತ್ತದೆ. ಡಬ್ಲ್ಯೂಎಸ್2812ಬಿ ಥರದ ಪಟ್ಟಿಯಲ್ಲಿ ಪ್ರತಿ ದೀಪದೊಳಗೂ ಒಂದು ಪುಟ್ಟ ಚಿಪ್ ಇರುತ್ತದೆ. ಬಂದ ಸಂದೇಶದಲ್ಲಿ ತನ್ನ ಪಾಲಿನ 24 ಬಿಟ್ ತೆಗೆದುಕೊಂಡು ಉಳಿದದ್ದನ್ನು ಮುಂದಿನ ದೀಪಕ್ಕೆ ದಾಟಿಸುತ್ತದೆ. ಒಂದು ಮೂಲೆಯಲ್ಲಿ ಕೇಸರಿ, ಎದುರು ಮೂಲೆಯಲ್ಲಿ ನೇರಳೆ, ನಡುವೆ ಒಂದರೊಳಗೊಂದು ಕರಗುವ ಬಣ್ಣಗಳು, ಇದೆಲ್ಲ ಇದರಲ್ಲಿ ಮಾತ್ರ ಸಾಧ್ಯ. ನಾನು ಮೀಟರಿಗೆ 60 ದೀಪ ಇರುವುದು ತೆಗೆದುಕೊಂಡೆ.

ಇವತ್ತು ಇಂಥ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಆದರೆ ಇದರ ಹಿಂದೆ ದೊಡ್ಡ ಪರಿಶ್ರಮ ಇದೆ ಅನ್ನುವುದು ಮರೆಯಬಾರದು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ 1962ರಲ್ಲೇ ಮಾಡಿ ತೋರಿಸಿದ್ದರು. ಪ್ರಖರವಾದ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತು. ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶೂಜಿ ನಾಕಾಮುರಾ ಮೂವರಿಗೂ ಅದಕ್ಕಾಗಿ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನೀಲಿ ಇಲ್ಲದಿದ್ದರೆ ನನ್ನ ಗೋಡೆಯ ಮೇಲೆ ಕೆಂಪು, ಹಳದಿ, ಹಸಿರಿನ ಆಚೆಗೆ ಏನೂ ಇರುತ್ತಿರಲಿಲ್ಲ.

ಕರೆಂಟಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿಯೇ ಮುಂದೆ ಹೋಗಬೇಕು. ಚೌಕಟ್ಟಿನ ಹಿಂದೆ, ಹೊರಗಂಚಿನಿಂದ 5 ಸೆಂಟಿಮೀಟರ್ ಒಳಗೆ ಪಟ್ಟಿ ಸುತ್ತಿದರೆ ಸುಮಾರು 3 ಮೀಟರ್. ಅಂದರೆ 180 ದೀಪ. ಪೂರ್ತಿ ಬಿಳಿಯಲ್ಲಿ ಒಂದೊಂದೂ 60 ಮಿಲಿಆಂಪಿಯರ್‌ವರೆಗೆ ಎಳೆಯಬಹುದು. ಒಟ್ಟು 10.8 ಆಂಪಿಯರ್. 5 ವೋಲ್ಟಿಗೆ ಅದು 54 ವ್ಯಾಟ್. ಉಸಿರಾಡಲು ಜಾಗ ಇರಲಿ ಎಂದು 15 ಆಂಪಿಯರಿನ ಪವರ್ ಸಪ್ಲೈ ಹಾಕಿದೆ. ಅಷ್ಟು ಕರೆಂಟಿಗೆ ತೆಳು ವೈರ್ ಬಿಸಿಯಾಗುತ್ತದೆ, ಹಾಗಾಗಿ ದಪ್ಪ ವೈರ್, ನಡುವೆ ಫ್ಯೂಸ್.

ಪಟ್ಟಿಯನ್ನು ಚೌಕಟ್ಟಿಗೆ ಅಂಟಿಸುವ ಮೊದಲು ಮೇಜಿನ ಮೇಲೆ ಹರಡಿ ಪೂರ್ತಿ ಬಿಳಿ ಹಚ್ಚಿ ನೋಡಿದೆ. ಮೊದಲ ತುದಿ ಬೆಳ್ಳಗೆ, ಕೊನೆಯ ತುದಿ ಕೆಂಪು ಛಾಯೆ. ಇದನ್ನು ನೋಡಲೆಂದೇ ಹಚ್ಚಿದ್ದು. ಪಟ್ಟಿಯಲ್ಲಿರುವ ತಾಮ್ರ ತೆಳು. ದೂರ ಹೋದಷ್ಟೂ ವೋಲ್ಟ್ ಕುಸಿಯುತ್ತದೆ. ಕೆಂಪು ದೀಪಕ್ಕೆ ಸುಮಾರು 2 ವೋಲ್ಟ್ ಸಾಕು, ಹಸಿರು ನೀಲಿಗೆ 3 ವೋಲ್ಟ್ ಹತ್ತಿರ ಬೇಕು. ಹಾಗಾಗಿ ವೋಲ್ಟ್ ಇಳಿದಾಗ ಮೊದಲು ಸೊರಗುವುದು ನೀಲಿ ಮತ್ತು ಹಸಿರು, ಉಳಿಯುವುದು ಕೆಂಪು. ಪರಿಹಾರ ಚೌಕಟ್ಟಿನ ಆಕಾರದಲ್ಲೇ ಇತ್ತು. ಪಟ್ಟಿ ಸುತ್ತಿ ಬಂದಾಗ ಅದರ ಶುರು ಮತ್ತು ಕೊನೆ ಒಂದೇ ಮೂಲೆಯಲ್ಲಿ ಸೇರುತ್ತವೆ. ಅದೇ ಮೂಲೆಯಿಂದ ಎರಡೂ ತುದಿಗೆ ಕರೆಂಟ್ ಕೊಟ್ಟೆ. ಈಗ ಅತಿ ದೂರದ ದೀಪವೂ ಒಂದೂವರೆ ಮೀಟರ್ ಆಚೆಗೆ ಇಲ್ಲ. ಕೆಂಪು ಛಾಯೆ ಹೋಯಿತು.

ಈ ಪಟ್ಟಿ ಮುಂದಕ್ಕೆ ಹಿಂದಕ್ಕೆ ಬಾಗುತ್ತದೆ, ಪಕ್ಕಕ್ಕೆ ಬಾಗುವುದಿಲ್ಲ. ಹಾಗಾಗಿ ಮೂಲೆಗಳಲ್ಲಿ ಕತ್ತರಿ ಗುರುತಿನ ಮೇಲೆ ಕತ್ತರಿಸಿ, ಮೂರು ಸಣ್ಣ ವೈರ್ ಬೆಸುಗೆ ಹಾಕಿ ತಿರುಗಿಸಿದೆ. ಪಟ್ಟಿಯ ಮೇಲೆ ಬಾಣದ ಗುರುತು ಇರುತ್ತದೆ. ಸಂದೇಶ ಹೋಗುವುದು ಆ ಬಾಣದ ದಿಕ್ಕಿಗೆ ಮಾತ್ರ. ನಿಯಂತ್ರಣಕ್ಕೆ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಅದರಲ್ಲಿ ಇಂಥ ದೀಪಗಳನ್ನು ನಡೆಸುವ, ಉಚಿತವಾಗಿ ಸಿಗುವ ಡಬ್ಲ್ಯೂಎಲ್‌ಇಡಿ ತಂತ್ರಾಂಶ. ಬೋರ್ಡಿನ ಸಂದೇಶ 3.3 ವೋಲ್ಟಿನದ್ದು, ಪಟ್ಟಿ ಬಯಸುವುದು 5 ವೋಲ್ಟಿನದ್ದು. ನಡುವೆ ಸಂದೇಶವನ್ನು 5 ವೋಲ್ಟಿಗೆ ಏರಿಸುವ 74ಎಎಚ್‌ಸಿಟಿ125 ಚಿಪ್ ಹಾಕಿದರೆ ಮಾತು ಸ್ಪಷ್ಟವಾಗುತ್ತದೆ. ಹಠಾತ್ ಏರಿಳಿತದಿಂದ ದೀಪಗಳನ್ನು ಕಾಪಾಡಲು ಸಂದೇಶದ ವೈರಿಗೆ 330 ಓಮಿನ ರೆಸಿಸ್ಟರ್, ಪವರ್ ಬರುವಲ್ಲಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ಮನೆಯ ಕರೆಂಟ್ ಬರುವ ಬದಿಯನ್ನು ಮಾತ್ರ ನಾನು ಮುಟ್ಟಲಿಲ್ಲ. ಅರ್ಥಿಂಗ್ ಸಹಿತ ಅದನ್ನು ಎಲೆಕ್ಟ್ರೀಷಿಯನ್ ಕೈಯಲ್ಲೇ ಮಾಡಿಸಿದೆ. ಯಾರೇ ಮಾಡಿದರೂ ಹಾಗೇ ಮಾಡಿಸಬೇಕು ಅನ್ನುವುದು ನನ್ನ ಗಟ್ಟಿ ಮಾತು.

ಇನ್ನು ಬೆಳಕನ್ನು ಗೋಡೆಗೆ ಹೊಂದಿಸುವುದು. ದೀಪದಿಂದ ದೀಪಕ್ಕೆ ಸುಮಾರು 17 ಮಿಲಿಮೀಟರ್ ಅಂತರ. ಬೆಳಕು ಬೀಳುವ ಮೈ ಅದಕ್ಕಿಂತ ಹತ್ತಿರ ಇದ್ದರೆ ಚುಕ್ಕೆ ಚುಕ್ಕೆಯಾಗಿಯೇ ಕಾಣುತ್ತದೆ. ಚೌಕಟ್ಟನ್ನು ಗೋಡೆಯಿಂದ 4 ಸೆಂಟಿಮೀಟರ್ ಮುಂದೆ ನಿಲ್ಲಿಸಿದೆ. ಪಟ್ಟಿಯನ್ನು ಅಲ್ಯುಮಿನಿಯಂ ಚಾನಲ್ಲಿನಲ್ಲಿ ಕೂರಿಸಿ, ಮೇಲೆ ಹಾಲುಬಣ್ಣದ ಮುಚ್ಚಳ ಹಾಕಿದೆ. ಅಲ್ಯುಮಿನಿಯಂ ದೀಪದ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಚಾನಲ್ಲನ್ನು ನೇರ ಗೋಡೆಗೆ ತಿರುಗಿಸಿದರೆ ಕನ್ನಡಿಯ ಸುತ್ತ ಗಿಡ್ಡ, ಗಡಸು ಪಟ್ಟೆ ಬಂತು. ಪೂರ್ತಿ ಹೊರಗೆ ತಿರುಗಿಸಿದರೆ ಪಕ್ಕದಿಂದ ಬರುವವರ ಕಣ್ಣಿಗೆ ದೀಪ ಹೊಡೆಯಿತು. 45 ಡಿಗ್ರಿ ಓರೆಯಲ್ಲಿಟ್ಟಾಗ ಬೆಳಕು ಅಂಚಿನಲ್ಲಿ ದಟ್ಟವಾಗಿ ಶುರುವಾಗಿ, ದೂರ ಹೋಗುತ್ತಾ ಮೆಲ್ಲಗೆ ತೆಳುವಾಯಿತು. ಇದಕ್ಕಾಗಿಯೇ ಇಷ್ಟೆಲ್ಲ ಮಾಡಿದ್ದು.

ಗೋಡೆಯೂ ಈ ಕೆಲಸದ ಒಂದು ಭಾಗ. ಹೊಳೆಯುವ ಬಣ್ಣದ ಗೋಡೆ ತಾನೇ ಅರೆಗನ್ನಡಿ, ದೀಪದ ಸಾಲನ್ನು ತೋರಿಸಿಬಿಡುತ್ತದೆ. ಮಂಕು ಬಣ್ಣದ ಗೋಡೆ ಬೇಕು. ನನ್ನ ಗೋಡೆ ಕೆನೆ ಬಣ್ಣದ್ದು. ಕೆನೆ ಬಣ್ಣ ನೀಲಿಯನ್ನು ಸ್ವಲ್ಪ ನುಂಗುತ್ತದೆ. ಹಾಗಾಗಿ ಕನ್ನಡಿಯ ಹಿಂದಿನ ಭಾಗಕ್ಕಷ್ಟೇ ಮಂಕು ಬಿಳಿ ಹೊಡೆಸಿದೆ. ನೀಲಿ ನೀಲಿಯಾಗಿಯೇ ಕಾಣತೊಡಗಿತು.

ಬಣ್ಣ ಬದಲಾಗುವ ವೇಗದ ಬಗ್ಗೆ ನನಗೆ ಖಚಿತ ಅಭಿಪ್ರಾಯ ಇದೆ. ಮಿನುಗುವುದು, ಓಡುವುದು, ಹಾರುವುದು ಎಲ್ಲ ಆ ತಂತ್ರಾಂಶದಲ್ಲಿ ಬೇಕಾದಷ್ಟು ಇವೆ. ಕನ್ನಡಿಗೆ ಅವು ಬೇಡ. ಕನ್ನಡಿಯ ಮುಂದೆ ನಿಂತವರು ತಮ್ಮನ್ನು ನೋಡಿಕೊಳ್ಳಲು ಬಂದಿರುತ್ತಾರೆ. ಸುತ್ತ ಏನೋ ಓಡುತ್ತಿದ್ದರೆ ಕಣ್ಣು ಅತ್ತ ಹೋಗುತ್ತದೆ. ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗಲು ಕೆಲವು ನಿಮಿಷ ಹಿಡಿಯುವಂತೆ ಇಟ್ಟೆ. ಬದಲಾಗುವುದು ಕಾಣುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡಿದರೆ ಬೇರೆ ಬಣ್ಣ ಇರುತ್ತದೆ.

ಹೀಗೆ ನಿಧಾನ ಮಾಡಿದಾಗ ಎರಡು ವಿಷಯ ಎದ್ದು ಕಂಡವು. ನಮ್ಮ ಕಣ್ಣಿಗೆ ಹಸಿರು ತುಂಬಾ ಪ್ರಖರ, ನೀಲಿ ಮಂದ. ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟರೆ ಬಣ್ಣ ಬದಲಾದಾಗ ಕೋಣೆಯ ಬೆಳಕೇ ಏರಿಳಿದ ಹಾಗಾಗುತ್ತದೆ. ಹಸಿರನ್ನು ತಗ್ಗಿಸಿ ಸರಿದೂಗಿಸಿದೆ. ಇನ್ನೊಂದು ಮಂದ ಬೆಳಕಿನದ್ದು. ಪ್ರತಿ ಬಣ್ಣಕ್ಕೂ 256 ಮೆಟ್ಟಿಲು ಮಾತ್ರ ಇವೆ. ತೀರಾ ಮಂದ ಇಟ್ಟರೆ ಕೆಳಗಿನ ಕೆಲವೇ ಮೆಟ್ಟಿಲು ಬಳಕೆಯಾಗಿ, ಬಣ್ಣ ಹರಿಯುವ ಬದಲು ಕುಪ್ಪಳಿಸುತ್ತದೆ. ತುಂಬಾ ಮಂದಕ್ಕೆ ಹೋಗದೆ, ಗಾಮಾ, ಅಂದರೆ ಬೆಳಕಿನ ಮೆಟ್ಟಿಲುಗಳನ್ನು ಕಣ್ಣಿಗೆ ತಕ್ಕಂತೆ ಸರಿಪಡಿಸುವ ಆಯ್ಕೆಯನ್ನು ಹೊಂದಿಸಿದ ಮೇಲೆ ಸರಿಹೋಯಿತು. ರಾತ್ರಿ ಮಲಗುವ ಹೊತ್ತಿಗೆ ನೀಲಿ ಬಾರದಂತೆ, ಕೇಸರಿ ಕೆಂಪಿನಲ್ಲೇ ಸುಳಿಯುವಂತೆ ಸಮಯ ಹಾಕಿಟ್ಟೆ. ನೀಲಿ ಬೆಳಕು ದೇಹದ ನಿದ್ದೆಯ ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ.

ತೂಗುಹಾಕುವಾಗ ಒಟ್ಟು ತೂಕ ಹತ್ತು ಹನ್ನೊಂದು ಕಿಲೋ ಆಗಿತ್ತು. ಒಂದು ಮರದ ಪಟ್ಟಿಯನ್ನು ಉದ್ದಕ್ಕೂ 45 ಡಿಗ್ರಿ ಓರೆಯಾಗಿ ಸೀಳಿ, ಅರ್ಧವನ್ನು ಗೋಡೆಗೂ ಅರ್ಧವನ್ನು ಚೌಕಟ್ಟಿನ ಬೆನ್ನಿಗೂ ಸ್ಕ್ರೂ ಹಾಕಿದೆ. ಮೇಲಿನಿಂದ ಇಳಿಸಿದರೆ ಒಂದರೊಳಗೊಂದು ಕೂರುತ್ತದೆ, ತೂಕ ಹೆಚ್ಚಿದಷ್ಟೂ ಗೋಡೆಯ ಕಡೆಗೇ ಒತ್ತುತ್ತದೆ. ಗೋಡೆಯ ಪಟ್ಟಿಯನ್ನು ರಸಮಟ್ಟ ಇಟ್ಟು ಬಿಗಿದರೆ ಸಾಕು, ಕನ್ನಡಿ ತಾನಾಗಿ ಮಟ್ಟಸ. ತಂಗಿ ಒಂದು ಬದಿ ಹಿಡಿದಳು. ಕನ್ನಡಿಯನ್ನು ಯಾವಾಗಲೂ ನಿಲ್ಲಿಸಿಯೇ ಹೊರಬೇಕು. ಮಲಗಿಸಿ ಎತ್ತಿದರೆ ತನ್ನ ಭಾರಕ್ಕೆ ತಾನೇ ನಡುವೆ ಬಾಗುತ್ತದೆ.

ಕನ್ನಡಿಯ ಬೆನ್ನಿನ ಪ್ಲೈವುಡ್ ಹಲಗೆಯನ್ನು ಅಂಟಿಸದೆ ಸ್ಕ್ರೂ ಹಾಕಿಯೇ ಬಿಟ್ಟಿದ್ದೇನೆ. ಗಾಳಿಯಾಡಲು ಮೇಲೆ ಕೆಳಗೆ ತೂತು ಇವೆ. ಪಟ್ಟಿಯಲ್ಲಿ ಒಂದು ದೀಪ ಕೆಟ್ಟರೆ ಅದರ ಮುಂದಿನವೆಲ್ಲ ನಿಂತುಹೋಗಬಹುದು. ಆಗ ಕೆಟ್ಟದ್ದನ್ನು ಕತ್ತರಿಸಿ ಹೊಸದನ್ನು ಬೆಸೆಯಲು ಕೈ ಹೋಗಬೇಕಲ್ಲ. ಒರೆಸುವಾಗ ನೀರನ್ನು ಕನ್ನಡಿಯ ಮೇಲೆ ಚಿಮುಕಿಸುವುದಿಲ್ಲ, ಬಟ್ಟೆಗೆ ಹಾಕಿ ಒರೆಸುತ್ತೇನೆ. ಚಿಮುಕಿಸಿದ ನೀರು ಇಳಿದು ಕೆಳಗಂಚಿನ ಕಚ್ಚಿನಲ್ಲಿ ನಿಂತರೆ ಬೆಳ್ಳಿ ಅಲ್ಲಿಂದಲೇ ಕಪ್ಪಾಗಲು ಶುರುವಾಗುತ್ತದೆ.

"ಅಕ್ಕಾ, ನನಗೂ ಒಂದು ಬೇಕು, ಆದರೆ ದುಂಡಗಿನದು" ಎಂದು ತಂಗಿ ಕೇಳಿದ್ದಾಳೆ. ಅದರ ನಕ್ಷೆ ಈಗ ಮೇಜಿನ ಮೇಲಿದೆ. ದುಂಡಗಿನ ಚೌಕಟ್ಟಿಗೆ ಎಂಟು ತುಂಡು ಸೇರಿಸಬೇಕು, ಪ್ರತಿ ತುದಿಯೂ 22.5 ಡಿಗ್ರಿಗೆ ಕೊಯ್ಯಬೇಕು. ಪಟ್ಟಿ ಪಕ್ಕಕ್ಕೆ ಬಾಗುವುದಿಲ್ಲವಲ್ಲ, ಹಿಂದೆ ಒಂದು ಪ್ಲೈವುಡ್ ಬಳೆ ಮಾಡಿ, ಅದರ ಹೊರಮೈಗೆ ಪಟ್ಟಿಯನ್ನು ಸುತ್ತುವ ಯೋಚನೆ ಇದೆ. ಆಗ ಮೂಲೆಯೂ ಇಲ್ಲ, ಮೂಲೆಯ ಬೆಸುಗೆಯೂ ಇಲ್ಲ. ಆದರೆ ದೀಪಗಳು ಪೂರ್ತಿ ಹೊರಗೆ ನೋಡುತ್ತವೆ. ಪಕ್ಕದಿಂದ ಬರುವವರ ಕಣ್ಣಿಗೆ ಹೊಡೆಯದಂತೆ ಚೌಕಟ್ಟಿನ ಹೊರಗಂಚನ್ನು ಎಷ್ಟು ಹಿಂದಕ್ಕೆ ಇಳಿಸಬೇಕು ಅನ್ನುವುದನ್ನು ರಟ್ಟಿನಲ್ಲಿ ಮಾಡಿ ನೋಡುತ್ತಿದ್ದೇನೆ.